ಸಹಿ ಮಾಡಲಾಗದ ಮೇಷ್ಟ್ರು: ಒಂದು ಪ್ರಕರಣ

ಕೌಂಟರಿನಲ್ಲಿ ಫಾರ್ಮ್ ಕೊಟ್ಟಾಗ ಅವರು ಜೇಬು ತಡಕಿದರು. "ಕನ್ನಡಕ ಮರೆತು ಬಂದಿದೀನಿ" ಎಂದು ಫಾರ್ಮನ್ನು ಹೆಂಡತಿಯ ಕಡೆ ತಳ್ಳಿದರು. ಆಕೆ ಏನೂ ಕೇಳದೆ ತುಂಬಿದರು. ವಯಸ್ಸು 38. ಕೆಲಸ, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಕೆಳಗೆ ಸಹಿಯ ಜಾಗ ಖಾಲಿ ಉಳಿಯಿತು. "ಆಮೇಲೆ ಹಾಕ್ತೀನಿ" ಅಂದರು. ಒಳಗೆ ಬಂದು ಕೂತ ಹತ್ತು ನಿಮಿಷಕ್ಕೆ, ನನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಓದಿ, "ಮುಂದಿನ ವಾರ ಎರಡು ರಜ ಇದೆ ಅಲ್ವಾ ಮೇಡಂ" ಎಂದರು. ಆಮೇಲೆ ಗೊತ್ತಾಯಿತು, ಅವರಿಗೆ ಕನ್ನಡಕವೇ ಇಲ್ಲ.

ಇದು 2023ರ ಅಕ್ಟೋಬರ್. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಮನೋವೈದ್ಯರ ಜೊತೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆ. ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಮೇಷ್ಟ್ರು ಎಂದರೆ ಸಾಕು. ಕಾಯಿಲೆಗೆ ಹೆಸರಿದೆ: ಸೋಷಿಯಲ್ ಆಂಗ್ಸೈಟಿ, ನಾಲ್ಕು ಜನ ನೋಡುತ್ತಾರೆ ಎಂಬ ಭಯ.

ಅವರು ಬಂದದ್ದಕ್ಕೆ ಕಾರಣ ಒಂದು ಮನೆ ಸಾಲ. ಸೈಟು ತೆಗೆದು ಆರು ವರ್ಷವಾಗಿತ್ತು. ಸಾಲ ಮಂಜೂರಾಗಿ, ಬ್ಯಾಂಕಿನವರು ಗಂಡ ಹೆಂಡತಿ ಇಬ್ಬರನ್ನೂ ಕರೆದು ಕೂರಿಸಿ ಕಾಗದದ ಕಟ್ಟು ಮುಂದಿಟ್ಟರು. ಪ್ರತಿ ಹಾಳೆಗೂ ಸಹಿ. ಅಧಿಕಾರಿ ಎದುರಿಗೇ ಕೂತು ಒಂದೊಂದೇ ಹಾಳೆ ತಿರುಗಿಸುತ್ತಿದ್ದಾರೆ, ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ಬಗ್ಗಿ ನೋಡುತ್ತಿದ್ದಾನೆ. ಎರಡು ಸಹಿ ಆಯಿತು. ಮೂರನೆಯದಕ್ಕೆ ಪೆನ್ನು ಕಾಗದ ಮುಟ್ಟುವ ಮೊದಲೇ ಕೈ ನಡುಗಲು ಶುರುವಾಯಿತು. "ಎಟಿಎಂಗೆ ಹೋಗಿ ಬಂದೆ" ಎಂದು ಎದ್ದ ಮೇಷ್ಟ್ರು ಬಸ್‌ಸ್ಟ್ಯಾಂಡಿಗೆ ನಡೆದು, ಸಿಕ್ಕ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ಟರು. ಹೆಂಡತಿ ಒಂದು ಗಂಟೆ ಕಾದರು. ಫೋನ್ ಸ್ವಿಚ್ ಆಫ್.

ಆಕೆಗೆ ಅದುವರೆಗೆ ಅರ್ಧ ಗೊತ್ತಿತ್ತು. ಆ ದಿನ ಪೂರ್ತಿ ಗೊತ್ತಾಯಿತು. ಮರುದಿನ ಆಕೆಯೇ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಮಾನಸಿಕ ಆರೋಗ್ಯದ ಸಹಾಯವಾಣಿ ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಲ್ಲಿ ಮಾತಾಡಿದವರು ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಹೋಗಿ ಎಂದರಂತೆ. ಮೇಷ್ಟ್ರು ಒಪ್ಪಲಿಲ್ಲ. ಆ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಇರುವವರೆಲ್ಲ ತಮ್ಮ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು! ಹಾಗಾಗಿ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ನಮ್ಮ ಹತ್ತಿರ ಬಂದರು. ಈ ಕಾಯಿಲೆಯ ದೊಡ್ಡ ತಮಾಷೆ ಇದು. ಯಾವುದಕ್ಕೆ ಹೆದರಿಕೆಯೋ ಅದನ್ನು ದಾಟಿಯೇ ಔಷಧದ ಬಾಗಿಲಿಗೆ ಬರಬೇಕು.

ಮೇಷ್ಟ್ರು ಮಾತು ಬಾರದವರಲ್ಲ. ಅದನ್ನು ಮೊದಲೇ ಹೇಳಬೇಕು, ಯಾಕೆಂದರೆ ಸೋಷಿಯಲ್ ಆಂಗ್ಸೈಟಿ ಎಂದ ತಕ್ಷಣ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಹುಡುಗನ ಚಿತ್ರ ಬರುತ್ತದೆ. ಇವರು ಐವತ್ತು ಮಕ್ಕಳ ಮುಂದೆ ತ್ರಿಕೋನಮಿತಿಯನ್ನು ಕಥೆ ಥರ ಹೇಳುತ್ತಾರೆ. ಬೋರ್ಡಿನ ಮೇಲೆ ಅಕ್ಷರ ಮುತ್ತು. ಆದರೆ ಬಿಇಓನೋ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಇಲಾಖೆಯ ಇನ್ನೊಬ್ಬರೋ ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಸೀಮೆಸುಣ್ಣ ಕೈಯಲ್ಲೇ ತುಂಡಾಗುತ್ತದೆ. ಮಕ್ಕಳು ತಮ್ಮನ್ನು ಅಳೆಯುವವರಲ್ಲ, ದೊಡ್ಡವರು ಅಳೆಯುತ್ತಾರೆ ಎಂಬ ಲೆಕ್ಕ ಅವರ ಮೈಗೇ ಗೊತ್ತು.

ಕಷ್ಟವಿರುವುದು ಕೈಯಿಂದ ಮಾಡುವ, ಬೇರೆಯವರು ನೋಡುವ ಕೆಲಸಗಳಲ್ಲಿ. ಸಹಿ ಹಾಕುವುದು, ಕಾಫಿ ಲೋಟ ಎತ್ತುವುದು, ಪಂಕ್ತಿಯಲ್ಲಿ ಊಟ ಮಾಡುವುದು, ಬಡಿಸುವುದು, ಬಸ್ಸಿನಲ್ಲಿ ಚಿಲ್ಲರೆ ಎಣಿಸಿ ಕೊಡುವುದು. ಇದರ ಜೊತೆಗೆ ಫೋನು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇರುವಾಗ ಫೋನ್ ಬಂದರೆ ಎತ್ತುವುದಿಲ್ಲ, ಹೊರಗೆ ಹೋಗಿ ವಾಪಸ್ ಮಾಡುತ್ತಾರೆ. ಅದನ್ನು ಯಾರೂ ವಿಚಿತ್ರ ಅಂದುಕೊಂಡಿಲ್ಲ. ಮೇಷ್ಟ್ರು ಸಭ್ಯರು, ಸ್ಟಾಫ್ ರೂಮಲ್ಲಿ ಗಟ್ಟಿಯಾಗಿ ಮಾತಾಡಲ್ಲ ಅಂತ ಹೆಸರು ಬಂದಿದೆ.

ಅವರ ಒಂದು ದಿನವನ್ನು ನಾನು ಗಂಟೆಗಂಟೆಗೆ ಬರೆಸಿಕೊಂಡೆ. ಹಾಜರಾತಿ ಪುಸ್ತಕ ಎಚ್‌ಎಂ (ಹೆಡ್‌ಮಾಸ್ಟರ್) ಮೇಜಿನ ಮೇಲಿರುತ್ತದೆ. ಬೇರೆಯವರು ಹತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ ಬಂದರೆ ಇವರು ಒಂಬತ್ತೂಕಾಲಿಗೇ ಹಾಜರು. ಜವಾನ ಬೀಗ ತೆಗೆದು ಕಸ ಗುಡಿಸುವಷ್ಟರಲ್ಲಿ ಸಹಿ ಮುಗಿದಿರುತ್ತದೆ. ಹದಿಮೂರು ವರ್ಷದಿಂದ ಹೀಗೆ. ಒಂದು ವರ್ಷ ಶಿಕ್ಷಕರ ದಿನಾಚರಣೆಯಲ್ಲಿ ಸಮಯಪಾಲನೆಗೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಅದನ್ನು ಹೇಳುವಾಗ ಅವರಿಗೇ ನಗು ಬಂತು. ನಮ್ಮ ಮಾತುಕತೆಯಲ್ಲಿ ಅವರು ನಕ್ಕದ್ದು ಅದೇ ಮೊದಲು.

ಹನ್ನೊಂದೂವರೆಗೆ ಸ್ಟಾಫ್ ರೂಮಿಗೆ ಟೀ ಬರುತ್ತದೆ. "ನಂಗೆ ಟೀ ಆಗಲ್ಲ, ಗ್ಯಾಸ್ಟ್ರಿಕ್" ಎಂದು ಕೆಲಸಕ್ಕೆ ಸೇರಿದ ವಾರವೇ ಹೇಳಿಬಿಟ್ಟಿದ್ದಾರೆ. ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಾರೆ. ಮಧ್ಯಾಹ್ನದ ಊಟ ಮಕ್ಕಳ ಜೊತೆ ಬಿಸಿಯೂಟದ ಜಗಲಿಯಲ್ಲಿ. ಊರವರ ಕಣ್ಣಿಗೆ ಅದೂ ಒಂದು ಆದರ್ಶ. ಮದುವೆಗೆ ಹೋದರೆ ಮುಹೂರ್ತಕ್ಕೆ ಅಕ್ಷತೆ ಹಾಕಿ, "ಇನ್ನೊಂದು ಕಡೆ ಹೋಗಬೇಕು" ಎಂದು ಊಟಕ್ಕೆ ಮುಂಚೆ ಜಾಗ ಖಾಲಿ. ತಪ್ಪಿಸಿಕೊಳ್ಳಲು ಆಗದಿದ್ದರೆ ಕೊನೆಯ ಪಂಕ್ತಿ, ಗೋಡೆ ಕಡೆಯ ಎಲೆ, ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡು ಊಟ. ಸಾರನ್ನ ಮುಟ್ಟುವುದಿಲ್ಲ. ಗಟ್ಟಿ ಪದಾರ್ಥ ಮಾತ್ರ.

ಬ್ಯಾಂಕಿಗೆ ಹೋಗುವ ಕೆಲಸ ಹೆಂಡತಿಯದು. ಮಗನ ಶಾಲೆಯ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹೆಂಡತಿಯದು. ಕೊರಿಯರ್ ಹುಡುಗ ಬಂದರೆ ಇವರು ಬಚ್ಚಲಿಗೆ ಹೋಗುತ್ತಾರೆ. ಪೆನ್ನಿನಲ್ಲೂ ಲೆಕ್ಕಾಚಾರ ಇದೆ: ದಪ್ಪ ಜೆಲ್ ಪೆನ್, ಯಾಕೆಂದರೆ ಬಾಲ್ ಪೆನ್ ಒತ್ತಬೇಕು, ಒತ್ತಿದರೆ ನಡುಗುತ್ತದೆ. ಸಹಿಯನ್ನೇ ಸಣ್ಣದು ಮಾಡಿಕೊಂಡಿದ್ದಾರೆ. ಮೊದಲು ಪೂರ್ತಿ ಹೆಸರಿತ್ತು, ಆಮೇಲೆ ಅರ್ಧ, ಈಗ ಎರಡು ಗೀಟು ಒಂದು ಚುಕ್ಕಿ. ಅದಕ್ಕೇ ಬ್ಯಾಂಕಿನಲ್ಲಿ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಅವರು ಇನ್ನೊಮ್ಮೆ ಹಾಕಿ ಎನ್ನುತ್ತಾರೆ. ಇನ್ನೊಮ್ಮೆ ಹಾಕುವಾಗ ಮೊದಲಿಗಿಂತ ಜಾಸ್ತಿ ನಡುಗುತ್ತದೆ.

ನನ್ನ ನೋಟ್ ಪುಸ್ತಕದಲ್ಲಿ ಇಂಥ ಉಪಾಯಗಳು ಇಪ್ಪತ್ತಾರು ಆದವು. ನಮ್ಮ ಪಾಠಪುಸ್ತಕಗಳಲ್ಲಿ ಇದಕ್ಕೆ ಸೇಫ್ಟಿ ಬಿಹೇವಿಯರ್ ಎಂಬ ಹೆಸರಿದೆ. ನಾನು ಮೇಷ್ಟ್ರ ಜೊತೆ ಉಪಾಯ ಅಂತಲೇ ಕರೆದೆ. ಭಯ ಬಂದು ಹೋಗುವುದು ಕೆಲವು ನಿಮಿಷ. ಉಪಾಯ ಇಡೀ ದಿನದ ದುಡಿಮೆ. ಕೋವಿಡ್ ಕಾಲದ ಮಾಸ್ಕ್ ಬಗ್ಗೆ ಕೇಳಿದೆ. "ಆ ಎರಡು ವರ್ಷ ನಂಗೆ ಹಬ್ಬ ಮೇಡಂ" ಎಂದರು. ಮುಖ ಕಾಣಲ್ಲ, ಮದುವೆ ಇಲ್ಲ, ಕೈ ಕುಲುಕುವುದಿಲ್ಲ. ಆನ್‌ಲೈನ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್. ಎಲ್ಲ ಮುಗಿದು ಶಾಲೆ ಪೂರ್ತಿ ತೆರೆದಾಗ ಮೊದಲಿಗಿಂತ ಕೆಟ್ಟದಾಯಿತು.

ಶುರು ಎಲ್ಲಿ? ಅವರ ಪ್ರಕಾರ ಏಳನೇ ಕ್ಲಾಸು. ಶಾಲಾ ಇನ್‌ಸ್ಪೆಕ್ಟರ್ ಬಂದಿದ್ದ ದಿನ ಕ್ಲಾಸಿನ ಟೀಚರ್ ಇವರನ್ನೇ ಬೋರ್ಡಿಗೆ ಕರೆದರು, ಅಕ್ಷರ ಚೆನ್ನಾಗಿದೆ ಅಂತ. ಕೈ ನಡುಗಿತು. ಹಿಂದಿನಿಂದ ಯಾರೋ "ಚಳಿಜ್ವರ" ಎಂದರು. ಕ್ಲಾಸೆಲ್ಲ ನಕ್ಕಿತು, ಇನ್‌ಸ್ಪೆಕ್ಟರೂ ನಕ್ಕರು. ಒಂದು ವರ್ಷ ಅದೇ ಅಡ್ಡಹೆಸರು. ಈ ಕಾಯಿಲೆ ಹೆಚ್ಚಿನವರಲ್ಲಿ ತಲೆ ಎತ್ತುವುದು ಈ ವಯಸ್ಸಿನಲ್ಲೇ, ಹದಿಹರೆಯದ ಹೊಸ್ತಿಲಲ್ಲಿ. ಹಾಗಂತ ಆ ನಗುವೇ ಕಾರಣ ಎಂದು ನಾನು ಹೇಳಲಾರೆ. ಆ ಕ್ಲಾಸಿನಲ್ಲಿ ಬೇರೆ ಬೇರೆ ದಿನ ಬೇರೆ ಮಕ್ಕಳನ್ನೂ ನೋಡಿ ನಕ್ಕಿರುತ್ತಾರೆ, ಅವರೆಲ್ಲ ಈಗ ಬ್ಯಾಂಕಿನಲ್ಲಿ ಆರಾಮಾಗಿ ಸಹಿ ಹಾಕುತ್ತಿರಬಹುದು. ಎರಡನೇ ಸಲ ಬಂದಾಗ ಅಪ್ಪ ಅಮ್ಮನ ಮಾತು ಬಂತು. ಮೇಷ್ಟ್ರ ತಂದೆ ಯಾರ ಮನೆ ಶುಭಕಾರ್ಯಕ್ಕೂ ಹೋದವರಲ್ಲವಂತೆ. ಸಂತೆಯಲ್ಲಿ ಪರಿಚಯದವರು ಕಂಡರೆ ಬೇರೆ ಸಾಲಿಗೆ ತಿರುಗುತ್ತಿದ್ದರಂತೆ. ಎಲ್ಲರೂ ಬಿಂಕ ಅಂದುಕೊಂಡಿದ್ದರು. ಈ ಸ್ವಭಾವದ ಒಂದಷ್ಟು ಭಾಗ ರಕ್ತದಲ್ಲೇ ಹರಿದು ಬರುತ್ತದೆ. ಉಳಿದದ್ದನ್ನು ಬದುಕು ಸೇರಿಸುತ್ತದೆ.

ನಮ್ಮ ಹತ್ತಿರ ಬರುವ ಮೊದಲು ಅವರು ಕೈಯ ಕಾಯಿಲೆ ಎಂದೇ ತಿಳಿದಿದ್ದರು. ಥೈರಾಯ್ಡ್ ಪರೀಕ್ಷೆ, ಸಕ್ಕರೆ ಪರೀಕ್ಷೆ, ನರರೋಗ ತಜ್ಞರು, ಒಂದು ಸ್ಕ್ಯಾನು. ಎಲ್ಲವೂ ಸರಿಯಾಗಿತ್ತು. ದುಡ್ಡು ದಂಡ ಎಂದು ಅವರು ಬೇಸರಪಟ್ಟರು, ಆದರೆ ನನಗೆ ಆ ಫೈಲು ಉಪಯೋಗಕ್ಕೆ ಬಂತು. ಕೈ ನಡುಗುವವರೆಲ್ಲರಿಗೂ ಆತಂಕವೇ ಇರುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಥೈರಾಯ್ಡ್ ಜಾಸ್ತಿಯಾದರೂ ನಡುಗುತ್ತದೆ. ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕ ಒಬ್ಬರೇ ಇದ್ದಾಗಲೂ ಬರುತ್ತದೆ, ಜನ ಸೇರಿದರೆ ಇನ್ನೂ ಹೆಚ್ಚುತ್ತದೆ. ನಾನು ಒಂದು ಹಾಳೆ ಕೊಟ್ಟು ನಡುವಿನಿಂದ ಸುರುಳಿ ಬರೆಯಲು ಹೇಳಿದೆ. ನಾನು ನೋಡುತ್ತಿದ್ದಾಗ ಬರೆದ ಸುರುಳಿ ಗರಗಸದ ಹಲ್ಲಿನ ಹಾಗೆ ಬಂತು. ಆಮೇಲೆ ಎದ್ದು ಕಿಟಕಿ ಕಡೆ ಮುಖ ಮಾಡಿ ನಿಂತೆ. ಎರಡನೇ ಸುರುಳಿ ಚಕ್ಕುಲಿಯ ಹಾಗೆ ಸಲೀಸಾಗಿ ಸುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಅವರು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ನಂಗೆ ಕೈ ಸರಿ ಇದೆ, ತಲೆ ಕೆಟ್ಟಿದೆ ಅಂತಾನಾ?"

ಇಲ್ಲ ಎಂದೆ. ಇಷ್ಟು ಲೆಕ್ಕ ಇಟ್ಟು ಹದಿಮೂರು ವರ್ಷ ನಡೆಸಿದ ತಲೆ ಕೆಟ್ಟಿರಲು ಸಾಧ್ಯವಿಲ್ಲ, ಜಾಸ್ತಿಯೇ ಚುರುಕಾಗಿದೆ.

ಸಂಕೋಚಕ್ಕೂ ಈ ಕಾಯಿಲೆಗೂ ವ್ಯತ್ಯಾಸ ಏನು ಎಂದು ಹೆಂಡತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಕೋಚದವರು ಮದುವೆ ಮನೆಯಲ್ಲಿ ಮೊದಲ ಹತ್ತು ನಿಮಿಷ ಮುದುಡಿ ಆಮೇಲೆ ಬಿಚ್ಚಿಕೊಳ್ಳುತ್ತಾರೆ, ಹೊಟ್ಟೆ ತುಂಬ ಉಂಡು ಬರುತ್ತಾರೆ. ಇಲ್ಲಿ ಹಾಗಲ್ಲ. ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತೇನೆ ಎಂಬ ಭಯ ನಡೆದಿರುವ ವಿಷಯಕ್ಕೆ ಸ್ವಲ್ಪವೂ ಅಳತೆ ಇಲ್ಲದಷ್ಟು ದೊಡ್ಡದಾಗಿರುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ, ಬದುಕಿನ ಕೆಲಸಗಳನ್ನೇ ನಿಲ್ಲಿಸುತ್ತದೆ. ಆರು ತಿಂಗಳು ಎಂಬುದು ವೈದ್ಯರು ಇಟ್ಟುಕೊಂಡ ಒಂದು ಅಂದಾಜಿನ ಗಡಿ. ಮೇಷ್ಟ್ರದು ಇಪ್ಪತ್ತೈದು ವರ್ಷ. ಆರು ವರ್ಷದಿಂದ ಸೈಟಿನಲ್ಲಿ ಪಾರ್ಥೇನಿಯಂ ಬೆಳೆಯುತ್ತಿದೆ. ಸಂಕೋಚಕ್ಕೆ ಅಷ್ಟು ಶಕ್ತಿ ಇಲ್ಲ.

ಕಾಯಿಲೆ ಎಂದು ಹೆಸರಿಟ್ಟದ್ದೂ ತೀರಾ ಹಿಂದೇನಲ್ಲ. 1966ರಲ್ಲಿ ಬ್ರಿಟನ್ನಿನ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್ ಬೇರೆ ಬೇರೆ ಭಯಗಳು ಯಾವ ವಯಸ್ಸಿನಲ್ಲಿ ಶುರುವಾಗುತ್ತವೆ ಎಂದು ನೋಡಿ ಇದನ್ನು ಬೇರೆ ಗುಂಪಾಗಿ ಗುರುತಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೋಷಿಯಲ್ ಫೋಬಿಯಾ ಎಂಬ ಹೆಸರಲ್ಲಿ ಸೇರಿದ್ದು 1980ರಲ್ಲಿ. ಮೇಷ್ಟ್ರ ತಂದೆ ಸಂತೆಯಲ್ಲಿ ಸಾಲು ಬದಲಿಸುತ್ತಿದ್ದ ಕಾಲಕ್ಕೆ ಊರಿನಲ್ಲಿ ಅದಕ್ಕೆ ಬಿಂಕ ಅನ್ನುವುದು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ.

ಈ ಭಯವನ್ನು ಅಳೆಯುವ ಲೀಬೋವಿಟ್ಜ್ ಸ್ಕೇಲ್ ಹಾಕಿದೆವು. ಅದರಲ್ಲಿ 24 ಸನ್ನಿವೇಶಗಳಿವೆ. ಬೇರೆಯವರು ನೋಡುವಾಗ ಬರೆಯುವುದು, ನಾಲ್ಕು ಜನರ ನಡುವೆ ತಿನ್ನುವುದು, ಫೋನ್ ಮಾಡುವುದು, ಹೀಗೆ. ಪ್ರತಿಯೊಂದಕ್ಕೂ ಎಷ್ಟು ಭಯ, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಎಂದು ಸೊನ್ನೆಯಿಂದ 3ರವರೆಗೆ ಅಂಕ. ಒಟ್ಟು 144. ಮೇಷ್ಟ್ರಿಗೆ 81 ಬಂತು. "ನೂರಕ್ಕೆ ಐವತ್ತಾರು, ಸೆಕೆಂಡ್ ಕ್ಲಾಸ್" ಎಂದರು ಗಣಿತದ ಮೇಷ್ಟ್ರು.

ಮನೋವೈದ್ಯರು ಆತಂಕ ಇಳಿಸುವ ಎಸ್ಸಿಟಲೊಪ್ರಾಂ ಮಾತ್ರೆ ಶುರು ಮಾಡಿದರು, 5 ಮಿಲಿಗ್ರಾಂನಿಂದ 10ಕ್ಕೆ. ಇದು ಕೆಲಸ ಮಾಡಲು ವಾರಗಳೇ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದೂ ಇರುತ್ತದೆ. ಅದನ್ನು ಹೇಳದಿದ್ದರೆ ಜನ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಆದರೆ ಅವರ ಜೇಬಿನಲ್ಲಿ ಆಗಲೇ ಇನ್ನೊಂದು ಮಾತ್ರೆ ಇತ್ತು. ಪ್ರೊಪ್ರನೊಲಾಲ್. ಯಾರೋ ಗೆಳೆಯರು ಹೇಳಿದ್ದಂತೆ. 2018ರಲ್ಲಿ, 2019ರಲ್ಲಿ ಚುನಾವಣಾ ಡ್ಯೂಟಿ ಬಂದಾಗ ಬೆನ್ನುನೋವಿನ ಸರ್ಟಿಫಿಕೇಟ್ ಕೊಟ್ಟು ತಪ್ಪಿಸಿಕೊಂಡಿದ್ದರು. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಅದು ನಡೆಯಲಿಲ್ಲ. ಎರಡು ಮಾತ್ರೆ ನುಂಗಿ ಹೋದರು. ಕೈ ನಡುಗಲಿಲ್ಲ, ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ. ಇದು ಹೃದಯದ, ಬಿಪಿಯ ಮಾತ್ರೆ. ಎದೆ ಬಡಿತ, ನಡುಕ ಕಡಿಮೆ ಮಾಡುತ್ತದೆ ನಿಜ, ಆದರೆ ಆಸ್ತಮಾ ಇರುವವರಿಗೆ ಅಪಾಯ, ಮತ್ತು ಮನಸ್ಸಿನ ಭಯಕ್ಕೆ ಅದು ಕೈ ಹಾಕುವುದೇ ಇಲ್ಲ. ಅಂದಿನಿಂದ ಮಾತ್ರೆ ಜೇಬಿನಲ್ಲಿದ್ದರೆ ಮಾತ್ರ ಮನೆ ಬಿಡುವ ಅಭ್ಯಾಸವಾಯಿತು. ಇಪ್ಪತ್ತಾರನೆಯ ಉಪಾಯ ಅದೇ. ಕುಡಿತದ ಬಗ್ಗೆಯೂ ಕೇಳಿದೆ. ಭಾವಮೈದುನನ ನಿಶ್ಚಿತಾರ್ಥದ ದಿನ ಒಮ್ಮೆ ಎಂದರು. ಅಲ್ಲಿಗೇ ನಿಂತಿದ್ದು ಪುಣ್ಯ. ಈ ಕಾಯಿಲೆಯಿಂದ ಕುಡಿತಕ್ಕೆ ಬಿದ್ದವರನ್ನು ನಾನು ಸಾಕಷ್ಟು ನೋಡಿದ್ದೇನೆ, ಮನೆಯವರು ಅವರನ್ನು ಕರೆತರುವುದು ಕುಡಿತ ಬಿಡಿಸಲು.

ಇನ್ನು ನನ್ನ ತಪ್ಪು. ಮೊದಲ ಎರಡು ಭೇಟಿಯಲ್ಲಿ ನಾನು ಅವರಿಗೆ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಕಲಿಸಿದೆ. ಎಲ್ಲರೂ ಕಲಿಸುತ್ತಾರೆ, ನಾನೂ ಕಲಿಸಿದೆ. ಮೂರನೇ ಭೇಟಿಗೆ ಬಂದವರು ಖುಷಿಯಿಂದ ಹೇಳಿದರು: ಎಚ್‌ಎಂ ರೂಮಿಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ನಿಂತು ಇಪ್ಪತ್ತು ಸಲ ಉಸಿರು ಎಣಿಸುತ್ತಾರೆ, ಒಳಗೆ ಹೋದ ಮೇಲೂ ಉಸಿರಿನ ಮೇಲೇ ಗಮನ. ಎಚ್‌ಎಂ ಏನು ಹೇಳಿದರು ಎಂದು ಕೇಳಿದೆ. ಗೊತ್ತಿಲ್ಲ. ಕೇಳಿಸಿಕೊಂಡಿರಲೇ ಇಲ್ಲ. ಪಟ್ಟಿಗೆ ಇಪ್ಪತ್ತೇಳನೇ ಉಪಾಯ ಸೇರಿತ್ತು, ಸೇರಿಸಿದವಳು ನಾನು.

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಬರೆದದ್ದು ಇದನ್ನೇ. ಜನರ ಮುಂದೆ ಹೋದ ಕೂಡಲೇ ಇವರ ಗಮನ ಹೊರಗಿನಿಂದ ಒಳಕ್ಕೆ ತಿರುಗಿಬಿಡುತ್ತದೆ. ಎದುರಿನವರ ಮುಖ ಕಾಣುವುದಿಲ್ಲ. ತಾನು ಹೇಗೆ ಕಾಣುತ್ತಿದ್ದೇನೆ ಎಂಬ ಸಿನಿಮಾ ಒಳಗೇ ಓಡುತ್ತದೆ, ಅದರಲ್ಲಿ ಕೈ ಒಂದಕ್ಕೆ ಮೂರರಷ್ಟು ನಡುಗುತ್ತದೆ. ಉಪಾಯ ಮಾಡಿ ಪಾರಾದರೆ, ಉಪಾಯ ಇದ್ದದ್ದಕ್ಕೆ ಬಚಾವಾದೆ ಎಂದು ಮನಸ್ಸು ಬರೆದಿಡುತ್ತದೆ. ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ಮೆಲುಕು. ಹೀಗಾಗಿ ಸಾವಿರ ಸಲ ಸಹಿ ಹಾಕಿದರೂ ಒಂದು ಸಲವೂ ಹೊಸ ಪಾಠ ಕಲಿಯುವುದಿಲ್ಲ.

ಆದ್ದರಿಂದ ಉಸಿರಾಟ ಕೈಬಿಟ್ಟು ಬೇರೆ ದಾರಿ ಹಿಡಿದೆವು. ಮೊದಲು ಮೊಬೈಲಿನಲ್ಲಿ ಅವರು ಸಹಿ ಹಾಕುವುದನ್ನು ವಿಡಿಯೋ ಮಾಡಿದೆ. ಹೊರಗಿನಿಂದ ನಮ್ಮ ರಿಸೆಪ್ಷನಿಸ್ಟನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿದೆ. ನೋಡುವ ಮೊದಲು ಕೇಳಿದೆ, ನೂರಕ್ಕೆ ಎಷ್ಟು ನಡುಗಿರಬಹುದು? "ತೊಂಬತ್ತು. ಕಾಗದ ಅಲ್ಲಾಡ್ತಿತ್ತು ಮೇಡಂ." ವಿಡಿಯೋ ಹಾಕಿದೆ. ಬೇರೆ ಯಾರದೋ ಕೈ ಎಂದುಕೊಂಡು ನೋಡಿ ಎಂದೆ. ಮೂರು ಸಲ ನೋಡಿದರು. ಬೆರಳ ತುದಿಯಲ್ಲಿ ಸಣ್ಣದೊಂದು ಕಂಪನ, ತಂತಿ ಮೇಲೆ ಹಕ್ಕಿ ಕೂತು ಎದ್ದಾಗ ಆಗುವಷ್ಟು. ಕಾಗದ ಅಲ್ಲಾಡಿರಲಿಲ್ಲ. "ಇಪ್ಪತ್ತೈದು ಕೊಡಬಹುದು" ಎಂದರು, ಸ್ವಲ್ಪ ಬೇಜಾರಿನಲ್ಲೇ. ಗಣಿತದವರಿಗೆ ಲೆಕ್ಕ ತಪ್ಪುವುದು ಇಷ್ಟವಾಗುವುದಿಲ್ಲ.

ಆಮೇಲೆ ಒಂದು ಸಮೀಕ್ಷೆ. ಸಹಿ ಹಾಕುವಾಗ ಒಬ್ಬರ ಕೈ ನಡುಗುವುದನ್ನು ಕಂಡರೆ ನಿಮಗೆ ಏನನಿಸುತ್ತದೆ? ಅವರ ಹೆಂಡತಿ, ನಾನು, ನಮ್ಮ ಸಿಬ್ಬಂದಿ ಸೇರಿ ಹನ್ನೊಂದು ಜನರನ್ನು ಕೇಳಿ ಬರೆದುಕೊಂಡೆವು. ಮೇಷ್ಟ್ರ ಊಹೆ: "ಹೆದರುಪುಕ್ಕಲ", "ಏನೋ ಮೋಸ ಮಾಡ್ತಿದಾನೆ". ಬಂದ ಉತ್ತರ: ಬಿಪಿ ಇರಬೇಕು. ಬೆಳಿಗ್ಗೆ ತಿಂಡಿ ತಿಂದಿಲ್ವೇನೋ. ಶುಗರ್. ನಮ್ಮ ತಾತನಿಗೂ ಹಾಗೇ ಇತ್ತು. ಹಾಲಿನ ವ್ಯಾಪಾರಿಯೊಬ್ಬರು, "ನಾನು ಯಾಕೆ ಅವರ ಕೈ ನೋಡ್ಲಿ, ನನ್ನ ದುಡ್ಡು ನೋಡ್ತೀನಿ" ಎಂದರಂತೆ. ಒಬ್ಬ ಹುಡುಗ ಮಾತ್ರ "ರಾತ್ರಿ ಜಾಸ್ತಿ ಆಗಿರ್ಬೇಕು" ಎಂದ. ಆ ಒಂದನ್ನೇ ಹಿಡಿದುಕೊಂಡು ಮೇಷ್ಟ್ರು ಒಂದು ವಾರ ಕೊರಗಿದರು. ಹತ್ತು ಉತ್ತರ ಲೆಕ್ಕಕ್ಕೆ ಬರಲಿಲ್ಲ!

ಡಿಸೆಂಬರಿನಲ್ಲಿ ಅಂಚೆ ಕಚೇರಿಗೆ ಹೋದೆವು. ನಾನು ಹಿಂದಿನ ಬೆಂಚಿನಲ್ಲಿ. ಮೇಷ್ಟ್ರು ಕೌಂಟರಿನಲ್ಲೇ ನಿಂತು ಫಾರ್ಮ್ ತುಂಬಬೇಕು, ಬಾಲ್ ಪೆನ್ನಿನಲ್ಲಿ, ಮತ್ತು ಬೇಕಂತಲೇ ಕೈ ನಡುಗಿಸಬೇಕು. ತಡೆಯಲು ಪ್ರಯತ್ನಪಡುವ ಹಾಗಿಲ್ಲ. ಗಮನ ಕೈ ಮೇಲಲ್ಲ, ಗುಮಾಸ್ತೆಯ ಮುಖದ ಮೇಲೆ. ಆಕೆಯ ಬಳೆ ಯಾವ ಬಣ್ಣ, ಹಣೆಗೆ ಏನಿಟ್ಟಿದ್ದಾರೆ, ಎಷ್ಟು ಸಲ ಇವರ ಕಡೆ ನೋಡಿದರು ಎಂದು ನನಗೆ ವರದಿ ಕೊಡಬೇಕು. ಮೇಷ್ಟ್ರು ನಡುಗಿಸಿದರು. ಪಾಪ, ಬೇಕಂತ ನಡುಗಿಸಲು ಹೋದರೆ ಸರಿಯಾಗಿ ಬರುತ್ತಲೇ ಇರಲಿಲ್ಲ. ಗುಮಾಸ್ತೆ ತಲೆ ಎತ್ತಲಿಲ್ಲ. ಫಾರ್ಮ್ ಎಳೆದುಕೊಂಡು "ಪಿನ್ ಕೋಡ್ ಹಾಕಿಲ್ಲ" ಎಂದು ವಾಪಸ್ ತಳ್ಳಿದರು. ಅಷ್ಟೇ ಆದದ್ದು. ಹೊರಗೆ ಬಂದ ಮೇಷ್ಟ್ರು ಮೆಟ್ಟಿಲ ಮೇಲೆ ಕೂತು, "ಹಸಿರು ಬಳೆ. ಒಂದು ಕೈಯಲ್ಲಿ ವಾಚು. ನನ್ನ ಕಡೆ ನೋಡಿದ್ದು ಒಂದು ಸಲ, ಅದೂ ಹಿಂದೆ ಇರೋರನ್ನ ಮುಂದೆ ಬನ್ನಿ ಅನ್ನೋಕೆ" ಎಂದರು.

ಮನೆಯ ಕಡೆಯ ಕೆಲಸ ಇದಕ್ಕಿಂತ ನಾಜೂಕು. ಹೆಂಡತಿ ವರ್ಷಗಳಿಂದ ಅವರ ಕೈಯಾಗಿದ್ದರು. ಪ್ರೀತಿಯಿಂದಲೇ. ಆದರೆ ನಾನು ಒಬ್ಬರನ್ನೇ ಕೂರಿಸಿ ಮಾತಾಡಿಸಿದಾಗ, "ಸುಸ್ತಾಗಿದೆ ಮೇಡಂ. ನಂಟರೆಲ್ಲ ನನ್ನನ್ನೇ ಗಯ್ಯಾಳಿ ಅಂತಾರೆ, ಗಂಡನ್ನ ಮುಂದೆ ಬಿಡಲ್ಲ ಅಂತ" ಎಂದು ಕಣ್ಣು ಒರೆಸಿಕೊಂಡರು. ಈ ಕಾಯಿಲೆಯಲ್ಲಿ ಹೆಸರು ಕೆಡುವುದು ಎಷ್ಟೋ ಸಲ ಪಕ್ಕದಲ್ಲಿರುವವರದ್ದು. ಒಂದು ಒಪ್ಪಂದ ಮಾಡಿಕೊಂಡರು: ತಿಂಗಳಿಗೆ ಎರಡು ಕೆಲಸ ವಾಪಸ್. ಜನವರಿಯಲ್ಲಿ ಕೊರಿಯರ್ ಮತ್ತು ಪ್ರೋಗ್ರೆಸ್ ಕಾರ್ಡು. ಮಗ ಅಪ್ಪನ ಸಹಿ ನೋಡಿ "ಇದು ಯಾರ್ದು?" ಎಂದನಂತೆ.

ಫೆಬ್ರವರಿಯಲ್ಲಿ ಎಡವಿದರು. ನಂಟರ ಮನೆಯ ಗೃಹಪ್ರವೇಶ. ಬಡಿಸುವವರು ಸಾಲದೆ ಯಾರೋ ಇವರ ಕೈಗೆ ಸಾರಿನ ಬಕೆಟ್ ಕೊಟ್ಟು, "ಮೇಷ್ಟ್ರೇ, ಈ ಕಡೆ ಸಾಲು ನಿಮ್ದು" ಎಂದುಬಿಟ್ಟರು. ಅದಕ್ಕೆ ನಾವಿನ್ನೂ ತಯಾರಾಗಿರಲಿಲ್ಲ. ಏಳನೇ ಎಲೆಗೆ ಸೌಟು ಅಲುಗಿ ಬಿಸಿ ಸಾರು ಹಿರಿಯರೊಬ್ಬರ ಪಂಚೆ ಮೇಲೆ ಬಿತ್ತು. ಅವರು "ಹೋಗ್ಲಿ ಬಿಡಪ್ಪ, ಒಗೆದ್ರೆ ಹೋಗುತ್ತೆ" ಎಂದು ಊಟ ಮುಂದುವರಿಸಿದರು. ಮೇಷ್ಟ್ರು ಬಕೆಟ್ ಕೆಳಗಿಟ್ಟು ಹಿತ್ತಲಿನಿಂದ ಹೊರಟರು. ಒಂಬತ್ತು ದಿನ ನಿದ್ದೆ ಇಲ್ಲ. ಶಾಲೆಗೆ ರಜ. ಜೇಬಿಗೆ ಮತ್ತೆ ಆ ಮಾತ್ರೆ. ನಮ್ಮ ಭೇಟಿಯನ್ನೂ ಒಂದು ಸಲ ತಪ್ಪಿಸಿದರು.

ಬಂದಾಗ ನಾನು ಸಮಾಧಾನ ಹೇಳಲಿಲ್ಲ. ಆ ಪಂಕ್ತಿಯನ್ನು ಕಾಗದದ ಮೇಲೆ ಬರೆಯಿಸಿದೆ, ಯಾರು ಎಲ್ಲಿ ಕೂತಿದ್ದರು, ಚೆಲ್ಲಿದ ಮೇಲೆ ಯಾರು ಏನು ಮಾಡಿದರು. ಹಿರಿಯರು ಊಟ ಮಾಡಿದರು. ಪಕ್ಕದವರು ಉಪ್ಪಿನಕಾಯಿ ಕೇಳಿದರು. ಎದುರಿನವರದು ನೆನಪಿಲ್ಲ. ಒಂಬತ್ತು ದಿನ ಮೆಲುಕು ಹಾಕಿದ ಸಿನಿಮಾದಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಕಾಗದದ ಮೇಲೆ ಯಾರೂ ತಿರುಗಲೇ ಇಲ್ಲ.

ಮಾರ್ಚಿ ಕೊನೆಗೆ ಲೋಕಸಭಾ ಚುನಾವಣೆಯ ಆರ್ಡರ್ ಬಂತು. ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯಸ್ಥ. ಸಹಿ ಎಂದರೆ ಭಯಪಡುವವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅಭ್ಯರ್ಥಿಗಳ ಏಜೆಂಟರ ಮುಂದೆ ಅಣಕು ಮತದಾನ, ಆಮೇಲೆ ಮತಯಂತ್ರಕ್ಕೆ ಹಾಕುವ ಹಸಿರು ಕಾಗದದ ಸೀಲಿಗೆ ಸಹಿ, ಘೋಷಣೆಗಳಿಗೆ ಸಹಿ, ಸಂಜೆ ಬಿದ್ದ ಮತಗಳ ಲೆಕ್ಕ ಇರುವ 17ಸಿ ಫಾರ್ಮಿನ ಪ್ರತಿಗಳು ಏಜೆಂಟರಿಗೆ ಒಂದೊಂದು. ಎಲ್ಲವೂ ನಾಲ್ಕು ಕಣ್ಣುಗಳ ಮುಂದೆ, ಎಲ್ಲವೂ ಅನುಮಾನದ ಕಣ್ಣುಗಳು. ಸರ್ಟಿಫಿಕೇಟ್ ಕೊಡುತ್ತೀರಾ ಎಂದು ಅವರು ಕೇಳುತ್ತಾರೇನೋ ಎಂದು ನಾನು ಕಾದೆ. ಕೇಳಲಿಲ್ಲ. ಬದಲಿಗೆ ತರಬೇತಿಯ ಕೈಪಿಡಿ ತಂದು, ಎಷ್ಟು ಕಡೆ ಸಹಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಲೆಕ್ಕ ತೋರಿಸಿದರು.

ಏಪ್ರಿಲ್ 26ರಂದು ಬೆಳಿಗ್ಗೆ ಐದೂವರೆಗೆ ಅಣಕು ಮತದಾನ ಶುರುವಾಯಿತು. ಹಿಂದಿನ ರಾತ್ರಿ ಬೂತಿನ ಬೆಂಚಿನ ಮೇಲೆ ಮಲಗಿದ್ದರು, ನಿದ್ದೆ ಬಂದಿರಲಿಲ್ಲ, ಆದರೆ ಅದು ಅವರ ಪಕ್ಕದವರಿಗೂ ಬಂದಿರಲಿಲ್ಲ, ಸೊಳ್ಳೆ. ಪ್ರೊಪ್ರನೊಲಾಲ್ ಮನೆಯಲ್ಲೇ ಬಿಟ್ಟಿದ್ದರು. ಕಾಗದದ ಸೀಲಿಗೆ ಸಹಿ ಹಾಕುವಾಗ ಕೈ ನಡುಗಿತು. ಚೆನ್ನಾಗಿಯೇ ನಡುಗಿತು. ಅವರು ತಡೆಯಲಿಲ್ಲ, ಎಡಗೈಯಿಂದ ಹಿಡಿಯಲೂ ಇಲ್ಲ. ತಲೆ ಎತ್ತಿ ಏಜೆಂಟರನ್ನು ನೋಡಿದರು. ಒಬ್ಬ ಆಕಳಿಸುತ್ತಿದ್ದ. ಇನ್ನೊಬ್ಬ, "ಸಾರ್ ಸ್ವಲ್ಪ ಬೇಗ ಮುಗ್ಸಿ, ಹೊರಗೆ ಟೀ ಬಂದಿದೆ" ಎಂದ. ಮೇಷ್ಟ್ರು ಅವತ್ತು ಟೀಯನ್ನೂ ಕುಡಿದರು. ನಿಂತುಕೊಂಡು, ಅಗಲದ ಪೇಪರ್ ಲೋಟದಲ್ಲಿ, ಎಲ್ಲರ ಜೊತೆ.

ಜೂನಿನಲ್ಲಿ ಸಾಲದ ಕಾಗದಗಳಿಗೆ ಸಹಿಯಾಯಿತು. ಎರಡು ಹಾಳೆಯಲ್ಲಿ ತಾಳೆಯಾಗಲಿಲ್ಲ ಎಂದು ಮತ್ತೆ ಹಾಕಿಸಿಕೊಂಡರಂತೆ. ಹಾಕಿದರು. ಅದೇ ತಿಂಗಳು ಸ್ಕೇಲಿನಲ್ಲಿ 43 ಬಂತು. 43 ಎಂದರೆ ಪೂರ್ತಿ ಹೋಗಿಲ್ಲ. ಸ್ಟಾಫ್ ರೂಮಿನ ಫೋನು ಇನ್ನೂ ಹೊರಗೇ. ಮೈಕ್ ಮುಂದೆ ವಂದನಾರ್ಪಣೆ ಎಂದರೆ ಇನ್ನೂ ಹೊಟ್ಟೆಯಲ್ಲಿ ಕಲ್ಲು. ಮಾತ್ರೆ ಇನ್ನೂ ನಡೆಯುತ್ತಿದೆ, ಚೆನ್ನಾಗಿದೆ ಎಂದು ಅವಸರದಲ್ಲಿ ಬಿಡಬೇಡಿ, ಬಿಡುವಾಗಲೂ ನಿಧಾನವಾಗಿ ಇಳಿಸೋಣ ಎಂದು ಮನೋವೈದ್ಯರು ಹೇಳಿದ್ದಾರೆ. ಹಾಜರಾತಿಗೆ ಈಗ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬರುತ್ತಾರೆ. "ಯಾಕೆ ಮೇಷ್ಟ್ರೇ, ಇತ್ತೀಚೆಗೆ ಲೇಟು?" ಎಂದು ಎಚ್‌ಎಂ ಕೇಳಿದರಂತೆ.

ಮನೆ ಈಗ ಲಿಂಟಲ್ ಮಟ್ಟಕ್ಕೆ ಬಂದಿದೆ. ಹೋದ ಭೇಟಿಯಲ್ಲಿ ಗೃಹಪ್ರವೇಶದ ಮಾತು ಬಂತು. ತಮ್ಮ ಮನೆ ಪಂಕ್ತಿಗೆ ತಾವೇ ಬಡಿಸುತ್ತೇನೆ ಎಂದರು. ಪಟ್ಟಿಗೆ ಬರೆಯಲು ಪೆನ್ನು ತೆಗೆದು, ಏನು ಬಡಿಸುತ್ತೀರಿ ಎಂದು ಕೇಳಿದೆ.

"ಹಪ್ಪಳ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಲ್ಲ ಮೇಡಂ, ಹಪ್ಪಳ ಚೆಲ್ಲಲ್ಲ ಅಲ್ವಾ" ಎಂದರು ಮೇಷ್ಟ್ರು.

ನಾನು ಹಪ್ಪಳ ಹೊಡೆದುಹಾಕಿ ಮಜ್ಜಿಗೆಹುಳಿ ಎಂದು ಬರೆದೆ. ಹಾಳೆ ಅವರ ಕಡೆ ತಿರುಗಿಸಿ, ಕೆಳಗೆ ಸಹಿ ಹಾಕಿ ಎಂದೆ.